ಕೀಡೆಯ ಕಾಲಯಮರಿಬ್ಬರು

ಎಲೆಕೋಸನ್ನು ಹೆಚ್ಚಲು ಕುಳಿತ ಗೃಹಿಣಿಗೆ ಎಲೆಯ ಪದರಗಳ ನಡುವಿನಿಂದ ಹಸುರು ಕೀಡೆಯೊಂದು ತಲೆಯೆತ್ತಿ ದರ್ಶನವಿತ್ತರೆ ಅಡುಗೆಯ ಮನೆಯಲ್ಲಿ ಸಣ್ಣದೊಂದು ಗದ್ದಲವೇಳುವುದು ಸಹಜ. ಈಳಿಗೆಮಣೆ ಒಂದು ಕಡೆ, ಕೋಸು ಒಂದು ಕಡೆ. ಮಾರಿದವನಿಗೆ ಮರುದಿನ ಮಂಗಳಾರತಿ. ಆದರೆ ವಿಚಾರಮಾಡಿ ನೋಡಿದರೆ ನಾವು ಅಂಜಬೇಕಾದುದು ಹುಳುವಿರುವ ಕೋಸಿಗಲ್ಲ; ಒಂದು ತೂತೂ ಇಲ್ಲದೆ, ಹುಳುವಿನ ಸುಳಿವೂ ಇಲ್ಲದೆ ಕನ್ನಡಿಯಂತೆ ಹೊಳೆಯುವ ಕೋಸಿಗೆ. ಹುಳುವನ್ನು ಅಲ್ಲಿಂದ ಓಡಿಸಿದ ಔಷಧ ಯಾವುದು, ಅದು ಎಷ್ಟು ಬಾರಿ ಬಿದ್ದಿತು, ಕೊನೆಯ ಬಾರಿ ಬಿದ್ದದ್ದು ಎಂದು ಎಂಬುದನ್ನು ಕೋಸು ಬಾಯಿಬಿಟ್ಟು ಹೇಳುವುದಿಲ್ಲ.

ರೈತನನ್ನು ದೂರಿಯೂ ಪ್ರಯೋಜನವಿಲ್ಲ. ಕೋಸಿನ ಮುಖ್ಯ ಶತ್ರುವಾದ ವಜ್ರಬೆನ್ನಿನ ಪತಂಗದ ಮರಿ ಅಷ್ಟು ಮೊಂಡು ಜಾತಿಯದು. ಡಿಡಿಟಿ ಎಂಬ ಮದ್ದು ಬಂದು ಹೆಚ್ಚು ಕಾಲವಾಗಿರಲಿಲ್ಲ. 1953ರಲ್ಲಿಯೇ ಜಾವಾ ದ್ವೀಪದ ಪತಂಗಗಳು ಅದನ್ನು ಜೀರ್ಣಿಸಿಕೊಳ್ಳಲು ಕಲಿತಿದ್ದುವೆಂಬ ವರದಿ ಬಂದಿತು. ಆಮೇಲೆ ಬಂದ ಮದ್ದುಗಳನ್ನೂ ಒಂದಾದಮೇಲೊಂದರಂತೆ ಅವು ಮೀರಿದುವು. ಮದ್ದು ನಾಟದಿದ್ದಾಗ ರೈತನು ಪ್ರಮಾಣವನ್ನು ಹೆಚ್ಚಿಸುತ್ತಾನೆ. ಹುಳು ಮತ್ತಷ್ಟು ಗಟ್ಟಿಯಾಗುತ್ತದೆ. ಈ ಪಂದ್ಯದಲ್ಲಿ ಸೋಲುವವರು ಊಟಕ್ಕೆ ಕುಳಿತವರು.

ಆದರೆ ಮನುಷ್ಯನು ಮದ್ದು ಅರೆಯಲು ಕಲಿಯುವುದಕ್ಕೆ ಎಷ್ಟೋ ಕೋಟಿ ವರ್ಷಗಳ ಮುಂಚೆಯೇ ಕೀಡೆಗಳನ್ನು ಕೊಲ್ಲುವ ವಿದ್ಯೆಯನ್ನು ಕರಗತಮಾಡಿಕೊಂಡ ಜೋಡಿಯೊಂದು ನಮ್ಮ ಕಾಲ ಕೆಳಗಿನ ಮಣ್ಣಿನಲ್ಲಿಯೇ ವಾಸವಾಗಿದೆ. ಜೋಡಿಯಲ್ಲಿ ಒಬ್ಬನು ಅರ್ಧದಿಂದ ಒಂದು ಮಿಲಿಮೀಟರ್ ಉದ್ದದ, ನೂಲಿನ ಚೂರಿನಂತಹ ಜಂತುಹುಳು. ಇನ್ನೊಬ್ಬನು ಆ ಜಂತುಹುಳುವಿನ ಕರುಳಿನಲ್ಲಿ ಬಿಡಾರ ಹೂಡಿರುವ ಏಕಾಣುಜೀವಿ, ಎಂದರೆ ಬ್ಯಾಕ್ಟೀರಿಯಾ. ಮೊದಲನೆಯವನು ಬಾಗಿಲು ಮುರಿಯುವವನು. ಎರಡನೆಯವನು ಒಳಹೊಕ್ಕು ಕೊಲ್ಲುವವನು. ಒಬ್ಬನಿಲ್ಲದೆ ಇನ್ನೊಬ್ಬನ ಸಂಸಾರ ಸಾಗದು.

ಇಂತಹ ಜೋಡಿಗಳಲ್ಲಿ ಎರಡು ಮನೆತನಗಳು ಪ್ರಸಿದ್ಧವಾದುವು. ಹೆಸರುಗಳು ನಾಲಿಗೆ ಹೊರಳದಂತಹವು. ಓದುಗರು ಒಂದು ಬಾರಿ ಸಹಿಸಿಕೊಳ್ಳಬೇಕು. ಸ್ಟೈನರ್ನೀಮ ಎಂಬ ಜಂತುಹುಳು ಸಾಕುವ ಬ್ಯಾಕ್ಟೀರಿಯಾ ಝೀನೋರಾಬ್ಡಸ್. ಹೆಟೆರೋರಾಬ್ಡೈಟಿಸ್ ಎಂಬ ಜಂತುಹುಳು ಸಾಕುವುದು ಫೋಟೋರಾಬ್ಡಸ್. ಈ ಕೊನೆಯ ಹೆಸರಿಗೆ ಬೆಳಕಿನ ಕಡ್ಡಿ ಎಂದು ಅರ್ಥ. ಅದೇಕೆಂಬುದು ಮುಂದೆ ತಿಳಿಯುವುದು.

ಮಣ್ಣಿನಲ್ಲಿ ಬೇಟೆಗಾಗಿ ಕಾಯುವುದು ಬೆಳೆದ ಜಂತುಹುಳುವಲ್ಲ, ಅದರ ಮರಿ. ಈ ಅವಸ್ಥೆಯಲ್ಲಿ ಅದರ ಬಾಯಿ ಮುಚ್ಚಿರುತ್ತದೆ. ಅದು ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ಮೈಯಲ್ಲಿ ಕೂಡಿಟ್ಟುಕೊಂಡು ಬಂದ ಕೊಬ್ಬನ್ನು ಕರಗಿಸುತ್ತ ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಬುತ್ತಿಯೆಂದು ಅದು ಹೊತ್ತಿರುವುದು ಕರುಳಿನೊಳಗಿನ, ನೂರರ ಲೆಕ್ಕದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಮಾತ್ರ. ಆ ಬುತ್ತಿಯನ್ನು ಅದು ದಾರಿಯಲ್ಲಿ ಬಿಚ್ಚುವುದಿಲ್ಲ.

ಬೇಟೆಯ ಕ್ರಮದಲ್ಲಿ ಎರಡು ಬಗೆಯುಂಟು. ಸ್ಟೈನರ್ನೀಮ ಕುಲದ ಕೆಲವು ಮರಿಗಳು ಮಣ್ಣಿನ ಹರಳಿನ ಮೇಲೆ ಬಾಲವನ್ನೂರಿ ನೆಟ್ಟಗೆ ನಿಂತು, ಹಾದುಹೋಗುವ ಕೀಟಕ್ಕಾಗಿ ತೂಗಾಡುತ್ತ ಕಾಯುತ್ತವೆ. ಸನಿಹದಲ್ಲಿ ಸುಳಿವು ಸಿಕ್ಕಿತೋ, ಮೈಯನ್ನು ಬಿಲ್ಲಿನಂತೆ ಬಾಗಿಸಿ ತಮ್ಮ ಉದ್ದದ ಹಲವು ಮಡಿ ದೂರ ಜಿಗಿಯುತ್ತವೆ. ಕಾಲಿಲ್ಲದ ಹುಳು ಜಿಗಿಯುವುದೆಂದರೆ ಸಣ್ಣ ಸಾಹಸವಲ್ಲ. ಹೆಟೆರೋರಾಬ್ಡೈಟಿಸ್ ಮರಿಗಳಿಗೆ ಇಷ್ಟು ತಾಳ್ಮೆಯಿಲ್ಲ. ಕೀಟದ ಉಸಿರಿನಿಂದ ಹೊರಡುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದು ಮಣ್ಣಿನಲ್ಲಿ ನುಸುಳಿಕೊಂಡು ಹೋಗುತ್ತವೆ. ಕೆಲವು ವೇಳೆ ಗಿಡಗಳೇ ಅವುಗಳಿಗೆ ಕರೆ ಕಳುಹಿಸುತ್ತವೆ. ಬೇರುಹುಳು ಕಚ್ಚಿದಾಗ ಮುಸುಕಿನ ಜೋಳದ ಬೇರು ಒಂದು ಪರಿಮಳದ್ರವ್ಯವನ್ನು ಮಣ್ಣಿಗೆ ಬಿಡುವುದೆಂದೂ ಅದರ ವಾಸನೆಗೆ ಜಂತುಹುಳುಗಳು ಧಾವಿಸಿ ಬರುವುವೆಂದೂ ಸ್ವಿಟ್ಜರ್ಲೆಂಡಿನ ನೂಶಾಟೆಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ನಮ್ಮ ಸಾರಿನ ಪುಡಿಯ ಡಬ್ಬಿಯಲ್ಲಿರುವ ಕರಿಮೆಣಸಿನ ಗಮಲಿನಲ್ಲಿಯೂ ಲವಂಗದಲ್ಲಿಯೂ ಇರುವ ದ್ರವ್ಯವೇ ಅದು. ಸೋಜಿಗವೆಂದರೆ, ಇಳುವರಿಯೊಂದನ್ನೇ ನೋಡಿ ಆರಿಸುತ್ತ ಬಂದ ಅಮೆರಿಕದ ಜೋಳದ ತಳಿಗಳಲ್ಲಿ ಹೆಚ್ಚಿನವು ಈ ಕೂಗನ್ನು ಮರೆತೇಬಿಟ್ಟಿವೆ!

ಕೀಡೆ ಸಿಕ್ಕಿದ ಮೇಲೆ ಒಳಹೊಗುವ ಬಾಗಿಲು ಹುಡುಕಬೇಕು. ಬಾಯಿ, ಗುದ, ಪಕ್ಕೆಯಲ್ಲಿ ಸಾಲಾಗಿರುವ ಉಸಿರುಗಂಡಿಗಳು—ಯಾವುದಾದರೂ ಸರಿಯೆ. ಹೆಟೆರೋರಾಬ್ಡೈಟಿಸ್ ಮರಿಗೆ ಒಂದು ಪುಟ್ಟ ಹಲ್ಲೂ ಉಂಟು. ಚರ್ಮವು ತೆಳ್ಳಗಿರುವೆಡೆ ಗೀರಿ ಕನ್ನ ಕೊರೆಯಬಲ್ಲುದು. ಕೀಡೆಯ ರಕ್ತವನ್ನು ಸೇರಿದೊಡನೆ ಮರಿಯು ಬುತ್ತಿಯ ಗಂಟನ್ನು ಬಿಚ್ಚುತ್ತದೆ. ಒಂದು ಕುಲದ್ದು ವಾಂತಿಮಾಡಿ ಬ್ಯಾಕ್ಟೀರಿಯಾಗಳನ್ನು ಹೊರಹಾಕಿದರೆ, ಇನ್ನೊಂದು ಕುಲದ್ದು ಹಿಂಬಾಗಿಲಿನಿಂದ ಬಿಡುತ್ತದೆ.

ಕೀಡೆಯೇನೂ ಸುಲಭವಾಗಿ ಶರಣಾಗುವ ಪ್ರಾಣಿಯಲ್ಲ. ಅದರ ರಕ್ತದಲ್ಲಿ ಕಾವಲಿನ ಕಣಗಳಿವೆ. ಪರಕೀಯ ವಸ್ತು ಬಂದರೆ ಮುತ್ತಿ, ಸುತ್ತಲೂ ಗೋಡೆಯಂತೆ ಕಟ್ಟಿ ಉಸಿರುಗಟ್ಟಿಸುತ್ತವೆ. ಈ ಕಾವಲನ್ನು ಎಚ್ಚರಿಸುವ ರಾಸಾಯನಿಕ ಗಂಟೆಯೊಂದುಂಟು. ಝೀನೋರಾಬ್ಡಸ್ ಮಾಡುವ ಮೊದಲ ಕೆಲಸವೇ ಆ ಗಂಟೆಯ ನಾಲಿಗೆಯನ್ನು ಕೀಳುವುದು. ಕಾವಲುಗಾರರು ಮಲಗಿದ್ದಂತೆಯೇ ಬ್ಯಾಕ್ಟೀರಿಯಾ ಒಂದಕ್ಕೆ ಎರಡಾಗಿ, ಎರಡಕ್ಕೆ ನಾಲ್ಕಾಗಿ ಬೆಳೆದು ವಿಷಗಳನ್ನು ಸುರಿಯುತ್ತದೆ. ಒಂದೆರಡು ದಿನಗಳಲ್ಲಿ ಕೀಡೆಯ ಕಥೆ ಮುಗಿಯುತ್ತದೆ.

ಈ ವಿಷಗಳ ಸಂಶೋಧನೆಯೇ ಒಂದು ಸ್ವಾರಸ್ಯ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಫೋಟೋರಾಬ್ಡಸ್‌ನಿಂದ ಬೇರ್ಪಡಿಸಿದ ವಿಷಗಳು ಕೀಡೆಗೆ ತಿನ್ನಿಸಿದರೂ ಕೊಲ್ಲುವಷ್ಟು ಉಗ್ರವಾಗಿದ್ದುವು. 2002ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ ರಿಚರ್ಡ್ ಫ್ರೆಂಚ್-ಕಾನ್‌ಸ್ಟಂಟ್ ಮತ್ತವರ ಸಂಗಡಿಗರು ಮತ್ತೊಂದು ವಿಷವನ್ನು ವರ್ಣಿಸಿದರು. ಅದರ ಜೀನನ್ನು ಪಡೆದ ನಿರುಪದ್ರವಿಯಾದ ಬ್ಯಾಕ್ಟೀರಿಯಾವನ್ನು ಹೊಗೆಸೊಪ್ಪಿನ ದೊಡ್ಡ ಕೀಡೆಗೆ ಚುಚ್ಚಿದರೂ ಸಾಕು, ಬಿಗಿಯಾಗಿ ಉಬ್ಬಿದ್ದ ಮೈ ಗಾಳಿ ಇಳಿದ ಬುಗ್ಗೆಯಂತೆ ಜೋತುಬೀಳುತ್ತಿತ್ತು. ಕೀಡೆಗೆ ಎಲುಬಿಲ್ಲ, ಒಳಗಿನ ದ್ರವದ ಒತ್ತಡವೇ ಅದರ ಬೆನ್ನೆಲುಬು. ವಿಷವು ಕರುಳಿನ ಒಳಪೊರೆಯನ್ನೂ ರಕ್ತಕಣಗಳನ್ನೂ ತಾವಾಗಿಯೇ ಸಾಯುವಂತೆ ಪ್ರೇರಿಸಿ ಆ ಒತ್ತಡವನ್ನು ಕಳೆಯುತ್ತಿತ್ತು. ವಿಜ್ಞಾನಿಗಳು ಹೆಸರಿಗಾಗಿ ಲ್ಯಾಟಿನ್ ಕೋಶವನ್ನು ತೆರೆಯಲಿಲ್ಲ. ಕಂಡದ್ದನ್ನೇ ಕರೆದರು: ‘ಕೀಡೆಯನ್ನು ಜೋತುಬೀಳಿಸುವುದು’ ಎಂಬುದೇ ಅದರ ಅಧಿಕೃತ ನಾಮಧೇಯ!

ಸಾವಿನೊಂದಿಗೆ ಕೆಲಸ ಮುಗಿಯಲಿಲ್ಲ, ಆರಂಭವಾಯಿತು. ಸತ್ತ ಹುಳು ಮಣ್ಣಿನಲ್ಲಿ ಬಿದ್ದಿದ್ದರೆ ಇರುವೆಗಳು, ಬೂಷ್ಟು, ಕೊಳೆಯಿಸುವ ಸಾವಿರ ಸೂಕ್ಷ್ಮಜೀವಿಗಳು ಹಕ್ಕು ಸಾಧಿಸಲು ಬರುತ್ತವೆ. ಜೋಡಿಗೆ ಈ ಹೆಣವೇ ಅಡುಗೆಯ ಮನೆ, ಇದೇ ಹೆರಿಗೆಯ ಮನೆ. ಕೆಲವು ದಿನಗಳಾದರೂ ಅದು ಕೆಡದೆ ಉಳಿಯಬೇಕು. ಬ್ಯಾಕ್ಟೀರಿಯಾವೇ ಇದಕ್ಕೂ ಏರ್ಪಾಡು ಮಾಡುತ್ತದೆ. ಇತರ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಜೀವಿರೋಧಕಗಳನ್ನು ಹೊರಸೂಸುತ್ತದೆ. ಇರುವೆಗಳು ಮೂಗುಮುರಿದು ಹಿಂದಿರುಗುವಂತಹ ಪದಾರ್ಥವನ್ನು ತಯಾರಿಸುತ್ತದೆ. ಫೋಟೋರಾಬ್ಡಸ್ ತಗುಲಿದ ಹೆಣವು ಇಟ್ಟಿಗೆಯಂತೆ ಕೆಂಪಾಗುತ್ತದೆ. ಈ ಕೆಂಪೇಕೆ? ಹಕ್ಕಿಗಳನ್ನು ಹೆದರಿಸಲೆಂದು ಕಾಣುತ್ತದೆ. ಕೆಂಪಗಾದ ಹುಳುಗಳನ್ನೂ ಸಾಮಾನ್ಯ ಹುಳುಗಳನ್ನೂ ಇಂಗ್ಲೆಂಡಿನ ರಾಬಿನ್ ಹಕ್ಕಿಗಳ ಮುಂದಿಟ್ಟು ನೋಡಿದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಹಕ್ಕಿಗಳು ಕೆಂಪನೆಯವನ್ನು ಬಿಟ್ಟು ಉಳಿದವನ್ನು ಆರಿಸಿದುವು.

ಇಷ್ಟಕ್ಕೂ ಮಿಗಿಲಾಗಿ ಆ ಹೆಣ ಕತ್ತಲೆಯಲ್ಲಿ ಮಂದವಾಗಿ ಬೆಳಗುತ್ತದೆ. ಸಮುದ್ರದಲ್ಲಿ ಬೆಳಕು ಬೀರುವ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ; ನೆಲದ ಮೇಲೆ ಆ ವಿದ್ಯೆ ಬಲ್ಲದ್ದು ಫೋಟೋರಾಬ್ಡಸ್ ಒಂದೇ ಎಂದು ಹೇಳುವುದುಂಟು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಏಪ್ರಿಲ್‌ನಲ್ಲಿ, ಟೆನೆಸ್ಸಿ ಪ್ರಾಂತದ ಶೈಲೋ ಎಂಬಲ್ಲಿ ಎರಡು ದಿನ ಘೋರ ಕಾಳಗ ನಡೆಯಿತು. ಮಳೆಯಲ್ಲಿ, ಚಳಿಯಲ್ಲಿ, ಕೆಸರಿನಲ್ಲಿ ಬಿದ್ದಿದ್ದ ಕೆಲವು ಗಾಯಾಳುಗಳ ಗಾಯಗಳು ರಾತ್ರಿ ಹೊಳೆಯುತ್ತಿದ್ದುವೆಂದೂ ಹಾಗೆ ಹೊಳೆದವರೇ ಹೆಚ್ಚಾಗಿ ಬದುಕಿ ಉಳಿದರೆಂದೂ ಐತಿಹ್ಯ. ‘ದೇವದೂತನ ಪ್ರಭೆ’ ಎಂದು ಅದಕ್ಕೆ ಹೆಸರಾಯಿತು. 2001ರಲ್ಲಿ ಇಬ್ಬರು ಶಾಲಾ ಹುಡುಗರು ವಿಜ್ಞಾನ ಸ್ಪರ್ಧೆಯೊಂದರಲ್ಲಿ ಇದಕ್ಕೆ ಫೋಟೋರಾಬ್ಡಸ್ಸೇ ಕಾರಣವಿರಬಹುದೆಂದು ವಾದಿಸಿ ಬಹುಮಾನ ಗೆದ್ದರು. ಮನುಷ್ಯನ ಮೈಯ ಬಿಸಿಯಲ್ಲಿ ಆ ಬ್ಯಾಕ್ಟೀರಿಯಾ ಬದುಕಲಾರದು, ಆದರೆ ಚಳಿಯಿಂದ ಮೈ ತಣ್ಣಗಾಗಿದ್ದವರಲ್ಲಿ ಬದುಕಿ, ತನ್ನ ಜೀವಿರೋಧಕಗಳಿಂದ ಗಾಯ ಕೊಳೆಯದಂತೆ ತಡೆದಿರಬಹುದು ಎಂಬುದು ಅವರ ತರ್ಕ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳುವುದು ಲೇಸು. ಆದರೆ ಹುಡುಗರ ತರ್ಕವನ್ನು ಮೆಚ್ಚದಿರಲಾಗದು.

ಹೆಣದೊಳಗೆ ಜಂತುಹುಳುಗಳು ಬ್ಯಾಕ್ಟೀರಿಯಾಗಳನ್ನೂ ಅವು ಕರಗಿಸಿಕೊಟ್ಟ ಕೀಡೆಯ ಮಾಂಸವನ್ನೂ ಉಂಡು ಬೆಳೆದು ಎರಡು ಮೂರು ತಲೆಮಾರು ಕಾಣುತ್ತವೆ. ಆಹಾರ ಕಡಿಮೆಯಾದಂತೆ ಮೊಟ್ಟೆಗಳು ತಾಯಿಯ ಹೊಟ್ಟೆಯಲ್ಲಿಯೇ ಒಡೆದು, ಮರಿಗಳು ತಾಯಿಯನ್ನೇ ತಿಂದು ಹೊರಬರುತ್ತವೆ. ಓದುಗರಿಗೆ ಹೇಸಿಗೆಯೆನಿಸಿದರೆ ಕ್ಷಮೆಯಿರಲಿ. ನಿಸರ್ಗದ ಮನೆಯಲ್ಲಿ ನಮ್ಮ ಮರ್ಯಾದೆಗಳು ನಡೆಯುವುದಿಲ್ಲ. ಕೊನೆಯ ತಲೆಮಾರಿನ ಮರಿಗಳು ಹೊರಡುವ ಮುನ್ನ ತಪ್ಪದೆ ಒಂದಷ್ಟು ಬ್ಯಾಕ್ಟೀರಿಯಾಗಳನ್ನು ಕರುಳಿನಲ್ಲಿ ತುಂಬಿಕೊಳ್ಳುತ್ತವೆ. ಒಂದೆರಡು ವಾರದೊಳಗೆ ಒಂದು ಹೆಣದಿಂದ ಲಕ್ಷಕ್ಕೂ ಹೆಚ್ಚು ಮರಿಗಳು ಹೊರಬೀಳುವುದುಂಟು. ಇವರಿಬ್ಬರಲ್ಲಿ ಯಜಮಾನ ಯಾರು, ಆಳು ಯಾರು? ಬ್ಯಾಕ್ಟೀರಿಯಾಕ್ಕೆ ಮಣ್ಣಿನಲ್ಲಿ ಒಂಟಿಯಾಗಿ ಬಹುಕಾಲ ಬಾಳುವ ಶಕ್ತಿಯಿಲ್ಲ, ಒಂದು ಕೀಡೆಯಿಂದ ಇನ್ನೊಂದಕ್ಕೆ ಹೋಗಲು ಕಾಲಿಲ್ಲ. ಬ್ಯಾಕ್ಟೀರಿಯಾ ಇಲ್ಲದ ಜಂತುಹುಳುವಿಗೆ ಕೀಡೆಯೊಳಗೆ ಸಂತಾನ ಬೆಳೆಯುವುದು ಕಷ್ಟ.

ಈ ಪಾಲುದಾರಿಕೆ ಮನುಷ್ಯನಿಗೆ ತಿಳಿದುಬಂದ ಬಗೆ ಸ್ವಲ್ಪ ವಿಷಾದದ್ದು. 1916ರಲ್ಲಿ ನ್ಯೂಜೆರ್ಸಿಯ ಸಸ್ಯತೋಟವೊಂದರಲ್ಲಿ ಜಪಾನಿನ ದುಂಬಿ ಎಂಬ ಪೀಡೆ ಮೊದಲು ಕಾಣಿಸಿಕೊಂಡು, ಹುಲ್ಲುಗಾವಲು, ಹಣ್ಣಿನ ತೋಟಗಳನ್ನು ಹಾಳುಗೆಡಹುತ್ತ ಹಬ್ಬಿತು. 1929ರಲ್ಲಿ ರುಡಾಲ್ಫ್ ಗ್ಲೇಸರ್ ಎಂಬ ವಿಜ್ಞಾನಿಗೆ ಅಲ್ಲಿನ ಗಾಲ್ಫ್ ಮೈದಾನದ ಮಣ್ಣಿನಲ್ಲಿ ಆ ದುಂಬಿಯ ಮರಿಗಳನ್ನು ಕೊಲ್ಲುವ ಜಂತುಹುಳು ದೊರೆಯಿತು. ಇಂದು ಅದಕ್ಕೆ ಅವರ ಹೆಸರೇ ಇದೆ. ಗ್ಲೇಸರ್ ಅದನ್ನು ಕೀಟದ ಹೊರಗೆ, ಗಾಜಿನ ತಟ್ಟೆಗಳಲ್ಲಿ ಬೆಳೆಸಲು ಕಲಿತು, 1930ರ ದಶಕದಲ್ಲಿ ನ್ಯೂಜೆರ್ಸಿಯ ಹೊಲಗಳಲ್ಲಿ ಬಿಡಿಸಿದರು. ಕೀಟಗಳ ವಿರುದ್ಧ ಜಂತುಹುಳುವನ್ನು ಹೀಗೆ ಬೆಳೆಸಿ ಪ್ರಯೋಗಿಸಿದವರಲ್ಲಿ ಅವರೇ ಮೊದಲಿಗರು.

ಆದರೆ ಪ್ರಯೋಗಶಾಲೆಯ ಶುದ್ಧಿ ಅವರಿಗೆ ಅತಿಮುಖ್ಯವಾಗಿತ್ತು. ಬ್ಯಾಕ್ಟೀರಿಯಾ ಎಂದರೆ ಆ ಕಾಲಕ್ಕೆ ಮೈಲಿಗೆ, ತೊಳೆದು ತೆಗೆಯಬೇಕಾದ ಕೊಳೆ. 1940ರಲ್ಲಿ ಅವರು ಬ್ಯಾಕ್ಟೀರಿಯಾದ ಸೋಂಕೇ ಇಲ್ಲದಂತೆ ಜಂತುಹುಳುವನ್ನು ಬೆಳೆಸಿದುದನ್ನು ಸಾಧನೆಯೆಂದೇ ಪ್ರಕಟಿಸಿದರು. ಸಾಧನೆಯೇನೋ ಹೌದು. ಆದರೆ ಕೊಲೆಗಾರನನ್ನು ತೊಳೆದು ಚೆಲ್ಲಿ, ಬಾಗಿಲು ಮುರಿಯುವವನೊಬ್ಬನನ್ನೇ ಜೋಪಾನವಾಗಿ ಸಾಕಿದಂತಾಯಿತು. ಅಷ್ಟರಲ್ಲಿ ಡಿಡಿಟಿಯ ಯುಗ ಬಂದಿತು. ಬೂದಿಯಂತೆ ಎರಚಿದರೆ ಹುಳು ಸಾಯುವಾಗ ಜಂತುಹುಳು ಸಾಕುವ ಗೊಡವೆ ಯಾರಿಗೆ ಬೇಕು?

ಮುಂದಿನ ಅಧ್ಯಾಯ 1955ರದು. ಸೇಬಿನ ಹಣ್ಣನ್ನು ಕೊರೆಯುವ ಕೀಡೆಯಲ್ಲಿದ್ದ ಜಂತುಹುಳುವನ್ನು ಚೆಕೊಸ್ಲೊವಾಕಿಯದಲ್ಲಿ ಯಾರೊಸ್ಲಾವ್ ವೈಸರ್ ವರ್ಣಿಸಿದರು. ಅದೇ ಸುಮಾರಿನಲ್ಲಿ ಅಮೆರಿಕದಲ್ಲಿ ಸ್ಯಾಮ್ಸನ್ ಡಟ್ಕಿ ಅಂತಹುದನ್ನೇ ಕಂಡು ‘ಡಿಡಿ-136’ ಎಂಬ ಹೆಸರಿಟ್ಟರು. ಅದರ ಕರುಳಿನ ಬ್ಯಾಕ್ಟೀರಿಯಾವನ್ನು 1965ರಲ್ಲಿ ಜಾರ್ಜ್ ಪಾಯ್ನರ್ ಮತ್ತು ಥಾಮಸ್ ಹೆಸರಿಟ್ಟು ವರ್ಣಿಸಿದರು. ಪಾಯ್ನರ್ ಅವರು ಅಂಬರಿನಲ್ಲಿ ಸೆರೆಸಿಕ್ಕಿದ ಪುರಾತನ ಕೀಟಗಳ ಅಧ್ಯಯನದಿಂದಲೂ ಲೋಕವಿಖ್ಯಾತರಾದವರು. ಕೊಲೆಯ ಆರೋಪ ಕಡೆಗೂ ಸರಿಯಾದ ಆರೋಪಿಯ ತಲೆಗೆ ಬಂದಿತು.

ನಮ್ಮ ಬೆಂಗಳೂರು ಈ ಕಥೆಯೊಳಗೆ ಬಹು ಬೇಗನೆ ಪ್ರವೇಶಿಸಿತೆಂಬುದನ್ನು ಬಹಳ ಮಂದಿ ಅರಿಯರು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಇಲ್ಲಿತ್ತು. ಅಲ್ಲಿನ ವಿ. ಪಿ. ರಾವ್ ಮತ್ತು ಟಿ. ಎಂ. ಮಂಜುನಾಥ್ ಅವರು ಡಿಡಿ-136 ಹಲವು ಪೀಡೆಗಳನ್ನು ಕೊಲ್ಲಬಲ್ಲುದೆಂದು 1966ರಲ್ಲಿಯೇ ಬರೆದರು. 1992ರಲ್ಲಿ ಕೊಯಮತ್ತೂರಿನಲ್ಲಿ ದೊರೆತ ಹೊಸ ಜಂತುಹುಳುವನ್ನು ಪಾಯ್ನರ್ ಅವರು ಕರುಣಾಕರ್, ಡೇವಿಡ್ ಎಂಬ ಭಾರತೀಯ ವಿಜ್ಞಾನಿಗಳೊಡನೆ ವರ್ಣಿಸಿ ‘ಇಂಡಿಕ’ ಎಂಬ ಹೆಸರಿತ್ತರು. ಸೆಕೆಗೆ ಒಗ್ಗಿದ ಈ ನಮ್ಮ ದೇಶದ ಹುಳುವನ್ನೇ ಪುಡಿಯ ರೂಪಕ್ಕೆ ತಂದು, ನೀರಿನಲ್ಲಿ ಕದಡಿ ಬೇರಿನ ಬುಡಕ್ಕೆ ಹಾಕುವ ಕ್ರಮವನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ರೂಪಿಸಿದೆ. ಮಲೆನಾಡು, ಕರಾವಳಿಗಳ ಅಡಿಕೆ ತೋಟದವರಿಗೆ ಗೊಣ್ಣೆಹುಳುವಿನ ಕಾಟವನ್ನು ವಿವರಿಸಬೇಕಾಗಿಲ್ಲ. ಮಣ್ಣಿನೊಳಗೆ ಕುಳಿತು ಬೇರನ್ನು ತಿನ್ನುವ ಅದು ಕಣ್ಣಿಗೆ ಬೀಳುವುದೇ ಇಲ್ಲ. ಹೆಡಲು ಹಳದಿಯಾದ ಮೇಲೆ ರೋಗ ತಿಳಿಯುತ್ತದೆ. ಮೇಲಿನಿಂದ ಸಿಂಪಡಿಸಿದ ವಿಷ ಅಷ್ಟು ಆಳಕ್ಕೆ ತಲುಪುವುದು ಕಷ್ಟ. ತಾನಾಗಿಯೇ ಹುಡುಕಿಕೊಂಡು ಹೋಗುವ ಬೇಟೆಗಾರನು ತಲುಪುತ್ತಾನೆ.

ಹಾಗಾದರೆ ಎಲ್ಲ ಹೊಲಗಳಲ್ಲಿಯೂ ಇದನ್ನೇ ಏಕೆ ಬಳಸುವುದಿಲ್ಲ? ಈ ಹುಳುವಿಗೆ ಬಿಸಿಲೆಂದರೆ ಮೃತ್ಯು. ಎಲೆಯ ಮೇಲೆ ಸಿಂಪಡಿಸಿದರೆ ಒಣಗಿ ಸಾಯುತ್ತದೆ. ಸಂಜೆ ಹೊತ್ತು ಇಳಿದ ಮೇಲೆ, ತೇವವಿದ್ದಾಗ ಹಾಕಬೇಕು. ಹೆಕ್ಟೇರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 250 ಕೋಟಿ ಮರಿಗಳು! ಅಷ್ಟನ್ನು ಬೆಳೆಸಿ, ಸಾಯದಂತೆ ಕಾಪಾಡಿ, ಹಳ್ಳಿಯ ಅಂಗಡಿಯವರೆಗೆ ಸಾಗಿಸಬೇಕು. ಅಂಗಡಿಯ ಬಿಸಿ ಕಪಾಟಿನಲ್ಲಿ ಕುಳಿತ ಪೊಟ್ಟಣದೊಳಗಿನವರು ಜೀವಂತವಾಗಿದ್ದಾರೆಯೇ ಎಂದು ರೈತನಿಗೆ ತಿಳಿಯುವುದು ಹೇಗೆ? ಸೀಸೆಯ ವಿಷಕ್ಕೆ ಈ ಚಿಂತೆಗಳಿಲ್ಲ. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಪತ್ತೆಯಾಗಿ ದೇಶವನ್ನೆಲ್ಲ ಆವರಿಸಿದ ಸೈನಿಕ ಹುಳುವಿನ ಮೇಲೂ ಜಂತುಹುಳುಗಳ ಪರೀಕ್ಷೆ ನಡೆದಿದೆ. ಆ ಕೀಡೆ ಅಡಗುವುದು ತೇವ ಆರದ ಸುಳಿಯೊಳಗೆ, ಕೋಶವಾಗುವುದು ಮಣ್ಣಿನಲ್ಲಿ. ಎಂದರೆ ಬೇಟೆಗಾರನಿಗೆ ಅನುಕೂಲವಾದ ಎರಡು ತಾಣಗಳಲ್ಲಿ. ಈ ದಿಕ್ಕಿನ ಪ್ರಯತ್ನಕ್ಕೆ ಹಣವನ್ನೂ ತಾಳ್ಮೆಯನ್ನೂ ವ್ಯಯಮಾಡುವುದು ಸಾರ್ಥಕವೆಂದೇ ನನ್ನ ಅಭಿಪ್ರಾಯ.

ಮಕ್ಕಳಿರುವ ಮನೆಯವರು ಕೇಳಬಹುದು: ಇದು ನಮಗೆ ತಗುಲದೆ? ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಮೈಯ 37 ಡಿಗ್ರಿ ಬಿಸಿ ಸಹಿಸದು. ಆದರೂ ಒಂದು ಅಪವಾದವನ್ನು ಮುಚ್ಚಿಡಬಾರದು. ಫೋಟೋರಾಬ್ಡಸ್ ಕುಲದ ಒಂದು ಪ್ರಭೇದ ಮನುಷ್ಯರ ಚರ್ಮದಲ್ಲಿ ಹುಣ್ಣುಗಳನ್ನು ಉಂಟುಮಾಡಿದ ಕೆಲವು ಪ್ರಸಂಗಗಳು ಅಮೆರಿಕ, ಆಸ್ಟ್ರೇಲಿಯಗಳಿಂದ ವರದಿಯಾಗಿವೆ. ಅದು ಬೆಳೆಗೆ ಹಾಕುವ ಪುಡಿಯದಲ್ಲ. ಆದರೂ ಹೊಸ ತಳಿಯನ್ನು ಆರಿಸುವವರು ಬ್ಯಾಕ್ಟೀರಿಯಾದ ಕುಲಗೋತ್ರವನ್ನು ವಿಚಾರಿಸಲೇಬೇಕು.

ಹೆಣವನ್ನು ಕಾಯಲೆಂದು ಬ್ಯಾಕ್ಟೀರಿಯಾ ತಯಾರಿಸಿದ ಮದ್ದುಗಳು ಈಗ ನಮ್ಮ ಔಷಧದ ಅಂಗಡಿಯನ್ನೂ ಮುಟ್ಟಿವೆ. ಫೋಟೋರಾಬ್ಡಸ್‌ನಿಂದ ಗುರುತಿಸಿದ ಒಂದು ಪದಾರ್ಥವು ಟಪಿನರೋಫ್ ಎಂಬ ಹೆಸರಿನ ಲೇಪವಾಗಿ, ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇತರ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಡಾರೊಬ್ಯಾಕ್ಟಿನ್ ಎಂಬ ಜೀವಿರೋಧಕವನ್ನು ಬಾಸ್ಟನ್ನಿನ ಕಿಮ್ ಲೂಯಿಸ್ ಮತ್ತವರ ಸಂಗಡಿಗರು 2019ರಲ್ಲಿ ಇದೇ ಕುಲದಿಂದ ಪಡೆದರು. ಅದಿನ್ನೂ ರೋಗಿಯ ಹಾಸಿಗೆಯವರೆಗೆ ಬಂದಿಲ್ಲ. ಕೀಟದ ಜೀವಕೋಶಕ್ಕೆ ವಿಷವನ್ನು ಚುಚ್ಚಲು ಫೋಟೋರಾಬ್ಡಸ್ ಇಟ್ಟುಕೊಂಡಿರುವ ಅತಿಸೂಕ್ಷ್ಮ ಸೂಜಿಯನ್ನು ತಿದ್ದಿ, ಮನುಷ್ಯನ ಜೀವಕೋಶಕ್ಕೆ ಬೇಕಾದ ಪ್ರೋಟೀನನ್ನು ಅದರಿಂದಲೇ ತಲುಪಿಸಬಹುದೆಂದು 2023ರಲ್ಲಿ ಫೆಂಗ್ ಝಾಂಗ್ ಅವರ ತಂಡ ತೋರಿಸಿತು.

ಈ ಜೋಡಿಯನ್ನು ಕಣ್ಣಾರೆ ನೋಡಬೇಕೆನ್ನುವ ಕಾಲೇಜು ವಿದ್ಯಾರ್ಥಿಗಳಿಗೆ ದೊಡ್ಡ ಪ್ರಯೋಗಶಾಲೆಯೇನೂ ಬೇಡ. ಜೇನು ಸಾಕುವವರು ಎರಿಯನ್ನು ಹಾಳುಮಾಡುವ ಮೇಣದ ಹುಳುವನ್ನು ಸಂತೋಷದಿಂದಲೇ ಕೊಡುತ್ತಾರೆ. ತೋಟದ ತೇವದ ಮಣ್ಣನ್ನು ಒಂದು ಡಬ್ಬಿಯಲ್ಲಿ ತುಂಬಿ, ಹತ್ತಾರು ಹುಳುಗಳನ್ನು ಅದರಲ್ಲಿಟ್ಟು, ಮುಚ್ಚಳಕ್ಕೆ ಸಣ್ಣ ತೂತು ಮಾಡಿ ನೆರಳಿನಲ್ಲಿಡಬೇಕು. ಎಲ್ಲ ಮಣ್ಣಿನಲ್ಲಿಯೂ ಸಿಗುವುದೆಂದಿಲ್ಲ. ನಾಲ್ಕಾರು ಕಡೆಯ ಮಣ್ಣನ್ನು ತಂದರೆ ಅದೃಷ್ಟ ಒಲಿಯಬಹುದು. ಒಂದು ವಾರದೊಳಗೆ ಕಪ್ಪಗೆ ಕೊಳೆತು ನಾರುವ ಹುಳುಗಳನ್ನು ಎಸೆಯಬೇಕು. ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಮೆತ್ತಗಿದ್ದೂ ಆಕಾರಗೆಡದೆ ಉಳಿದ ಹುಳು ಸಿಕ್ಕಿತೋ, ಬರಿಗೈಯಿಂದ ಮುಟ್ಟದೆ ಚಿಮಟದಿಂದ ಎತ್ತಿ ಕತ್ತಲೆಯ ಕೋಣೆಗೆ ಒಯ್ಯಬೇಕು. ಹೊಳಪು ಬಹು ಮಂದವಾದುದು. ದೀಪವಾರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಹತ್ತು ಹದಿನೈದು ನಿಮಿಷ ಸುಮ್ಮನೆ ಕುಳಿತಿರಬೇಕು.